ಗ್ಲಿಮರ್ ಕಾರ್ಡಿನ ಹಿಂಬದಿ

ಜನವರಿ 9
ನಿಘಂಟು ಕಚೇರಿ, ಎರಡನೇ ಮಹಡಿ

ಪ್ರಿಯ ಕತ್ತರಿ,

ಎಂಟು ವರ್ಷಗಳ ಮೇಲೆ ನಿನ್ನನ್ನು ಈ ಹೆಸರಿನಿಂದ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಉಳಿದಿಲ್ಲವಾದರೆ ಕತ್ತರಿಸಿಬಿಡು, ಅದು ನಿನಗೆ ಹೊಸ ಕೆಲಸವೇನಲ್ಲ. ಹಾಸ್ಟೆಲಿನಲ್ಲಿ ನಮ್ಮಿಬ್ಬರಿಗೆ ಕತ್ತರಿ, ಗೋಂದು ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಏನೋ. ಮುಂದೊಂದು ದಿನ ಇಬ್ಬರೂ ಒಂದೇ ನಿಘಂಟಿನ ಕಚೇರಿ ಸೇರಿ, ನೀನು ವಾಕ್ಯ ಕತ್ತರಿಸುವವನೂ ನಾನು ಅದನ್ನು ಕಾರ್ಡಿಗೆ ಅಂಟಿಸುವವನೂ ಆಗುತ್ತೇವೆಂದು ಅವನಿಗೆ ಹೇಗೆ ಗೊತ್ತಾಯಿತೋ!

ಸುದ್ದಿ ಏನೆಂದರೆ, ನಮ್ಮ ಇಂಗ್ಲಿಷ್-ಕನ್ನಡ ನಿಘಂಟು 'ಜಿ' ಅಕ್ಷರಕ್ಕೆ ಬಂದಿದೆ. ನಗಬೇಡ. ನೀನು ಕೆಲಸ ಬಿಟ್ಟಾಗ 'ಎಫ್' ನಡೆಯುತ್ತಿತ್ತು, ಬಲ್ಲೆ. ಎಂಟು ವರ್ಷಕ್ಕೆ ಒಂದಕ್ಷರ. ಈ ಲೆಕ್ಕದಲ್ಲಿ ನಾವು 'ಜೆಡ್' ತಲುಪುವ ಹೊತ್ತಿಗೆ ಇಂಗ್ಲಿಷರೇ ತಮ್ಮ ಭಾಷೆ ಮರೆತು ನಮ್ಮ ಮನೆ ಬಾಗಿಲಿಗೆ ಕೇಳಿಕೊಂಡು ಬರುತ್ತಾರೆ.

ಈ ವಾರ ನನ್ನನ್ನು ಕಾಡುತ್ತಿರುವುದು 'ಗ್ಲಿಮರ್'. ಈ 'ಗ್ಲ'ಕಾರದ ಕುಟುಂಬ ನಿನಗೆ ಗೊತ್ತಲ್ಲ, ಎಲ್ಲರೂ ಬೆಳಕಿನ ವ್ಯಾಪಾರಿಗಳು. ಗ್ಲಿಟರ್ ಗಾಜಿನ ಅಂಗಡಿ, ಗ್ಲೋ ಒಲೆಯ ಕೆಂಡ, ಗ್ಲೀಮ್ ಆಗಷ್ಟೇ ಉಜ್ಜಿದ ಹಿತ್ತಾಳೆ. ಗ್ಲಿಮರ್ ಈ ಮನೆಯ ಬಡ ತಮ್ಮ: ಇದೆ ಅನ್ನುವಷ್ಟರಲ್ಲಿ ಆರುತ್ತದೆ, ಆರಿತು ಅಂದರೆ ಮಿಣಕ್ಕೆನ್ನುತ್ತದೆ. ಇದಕ್ಕೆ ನಮ್ಮಲ್ಲಿ ಏನಿದೆ? 'ಮಿನುಗು' ಇದೆ, ಅದನ್ನು ನಕ್ಷತ್ರಗಳೂ ಸಿನಿಮಾ ನಟಿಯರೂ ಹಂಚಿಕೊಂಡು ಸವೆಸಿಬಿಟ್ಟಿದ್ದಾರೆ. 'ಮಂಕು' ಇದೆ, ಅದನ್ನು ನಮ್ಮ ನಿರ್ದೇಶಕರಿಗೆ ಮೀಸಲಿಟ್ಟಿದ್ದೇವೆ. ಉಳಿದದ್ದು 'ಮಿಣುಕು'. ಒಳ್ಳೆಯ ಪದವೇ, ಆದರೆ ನಮ್ಮ ನಿಯಮದಂತೆ ಯಾರಾದರೂ ನಿಜವಾಗಿ ಬರೆದ ವಾಕ್ಯ ಬೇಕು. ಕೋಣೆಯಲ್ಲಿ ಕುಳಿತು ಹೊಸೆದ ವಾಕ್ಯ ನಡೆಯದು.

ಹಳೆಯ ಕಾರ್ಡುಗಳ ಪೆಟ್ಟಿಗೆ ತೆಗೆದರೆ ನಿನ್ನದೇ ಕೈಬರಹ! ನೀನು ನನಗೆ ಬರೆದ ಪತ್ರದ ಚೂರು:

"ಮಿಣುಕು ಬೆಳಕೊಂದು ಇನ್ನೂ ಉಳಿದಿದೆ, ಬೀಗದ ಕಿಂಡಿಯಿಂದ ಇಣುಕುವಷ್ಟು; ಅದು ಇರುವ ತನಕ ಕೋಣೆ ಕತ್ತಲೆ ಅಲ್ಲ ಅಂತಾರೆ ಡಾಕ್ಟರು."

ಇದಕ್ಕಿಂತ ಒಳ್ಳೆಯ ವಾಕ್ಯ ಎಲ್ಲಿ ಹುಡುಕಲಿ? ಮೊದಲನೇ ಅರ್ಥ ಮಬ್ಬು ಬೆಳಕು, ಎರಡನೇ ಅರ್ಥ ಆಸೆಯ ಎಳೆ. ಒಂದೇ ವಾಕ್ಯ ಎರಡಕ್ಕೂ ಒದಗುತ್ತದೆ. ಖಾಸಗಿ ಪತ್ರವಾದ್ದರಿಂದ ಬರೆದವರ ಒಪ್ಪಿಗೆ ಬೇಕೆಂದು ಸಮಿತಿ ಪಟ್ಟು ಹಿಡಿದಿದೆ. ಅರ್ಜಿ ಜೊತೆಗಿದೆ. ಏಪ್ರಿಲ್ ಕೊನೆಗೆ ಅಚ್ಚು. ಒಂದು ಸಹಿ ಹಾಕಿ ಕಳಿಸು ಮಾರಾಯ.

ನಿನ್ನ
ಗೋಂದು

ಮರೆತಿದ್ದೆ: ಕಣ್ಣು ಹೇಗಿದೆ? ಆಗ ಏನೋ ತೊಂದರೆ ಎಂದಿದ್ದೆ.


ಜನವರಿ 21

ಗೋಂದು ಮಾಮ,

ನಾನು ಅವರ ಮಗಳು. ನೀವು ಕೊನೆಯ ಸಲ ನೋಡಿದಾಗ ನನಗೆ ಎರಡು ಜಡೆ ಇತ್ತು. ಈಗ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರುಗಳ ಅಕ್ಷರ ಓದಿ ಪಳಗಿರುವುದರಿಂದ ನಿಮ್ಮ ಅಕ್ಷರ ಕಷ್ಟವಾಗಲಿಲ್ಲ.

ಅಪ್ಪನಿಗೆ ಓದಲು ಆಗುವುದಿಲ್ಲ. ಎರಡನೆಯ ಕಣ್ಣೂ ಹೋಗಿ ಎಂಟು ವರ್ಷವಾಯಿತು. ನಿಮ್ಮ ಪತ್ರ ನಾನೇ ಓದಿದೆ. ಸಹಿಯ ಕೆಳಗಿನ ಸಾಲು ಓದಲೋ ಬೇಡವೋ ಎಂದು ಒಂದು ಗಳಿಗೆ ನಿಂತೆ. "ಯಾಕೆ ನಿಲ್ಲಿಸಿದೆ, ಇನ್ನೂ ಏನೋ ಇದೆ" ಅಂದರು. ಓದಿದೆ. ಮುಂದಿನದು ಅವರು ಹೇಳಿದ್ದು, ನಾನು ಒಂದಕ್ಷರ ಬದಲಿಸಿಲ್ಲ.

ಏನೋ ಗೋಂದು, ಇದ್ದೀಯೇನೋ ಇನ್ನೂ! ಕಣ್ಣು ಹೇಗಿದೆ ಅಂತ ಕೇಳಿದ್ದೀಯ. ಇದ್ದಲ್ಲೇ ಇದೆ, ಮೂಗಿನ ಆ ಕಡೆ ಒಂದು, ಈ ಕಡೆ ಒಂದು. ಕೆಲಸಕ್ಕೆ ಮಾತ್ರ ಬರ್ತಾ ಇಲ್ಲ. ನಿಮ್ಮ ಆಫೀಸಲ್ಲೂ ಅಂಥವರು ಇದ್ದಾರಲ್ಲ, ಸಂಬಳ ತಗೋತಾರೆ. ಇವಕ್ಕೆ ಅದೂ ಇಲ್ಲ.

ಗ್ಲಿಮರ್ ಪಕ್ಕದಲ್ಲಿ ಗ್ಲಿಮ್ ಹಾಕಿದ್ದೀಯಾ? ಹಳೇ ಕಾಲದ ಇಂಗ್ಲಿಷ್ ಕಳ್ಳರ ಮಾತು. ದೀಪಕ್ಕೆ ಗ್ಲಿಮ್ ಅಂತಿದ್ರು, ಕಣ್ಣಿಗೂ ಗ್ಲಿಮ್ ಅಂತಿದ್ರು. ಕಳ್ಳರಿಗೆ ಗೊತ್ತಿತ್ತು ನೋಡು, ಎರಡೂ ಆರೋ ಸಾಮಾನೇ ಅಂತ. ಬಿಟ್ಟಿದ್ರೆ ಸೇರಿಸು.

ಸಹಿ ದೊಡ್ಡ ವಿಷಯ ಅಲ್ಲ. ಅದಕ್ಕೆ ಮುಂಚೆ ಒಂದೇ ಒಂದು ಪ್ರಶ್ನೆ. ಕಾರ್ಡಿನ ನಿಯಮ ಮಾಡಿದವನು ನಾನೇ, ಮರೆತಿಲ್ಲ. ಕೈಯಲ್ಲಿ ನಕಲು ಮಾಡಿದ್ರೆ ತಪ್ಪು ನುಸುಳುತ್ತೆ, ಅದಕ್ಕೇ ಮೂಲವನ್ನೇ ಕತ್ತರಿಸಿ ಅಂಟಿಸಬೇಕು. ಅಂಟಿಸೋ ಮುಂಚೆ ಚೂರಿನ ಹಿಂದಿನ ಬದಿ ಓದಲೇಬೇಕು, ಅಲ್ಲೇನಿತ್ತು ಅಂತ ಕಾರ್ಡಿನ ಕೊನೇ ಸಾಲಲ್ಲಿ 'ಹಿಂಬದಿ' ಅಂತ ಹಾಕಿ ಬರೀಬೇಕು. ಒಮ್ಮೆ ಅಂಟಿಸಿದ್ದನ್ನ ಕೀಳಬಾರದು. ಕಾರ್ಡಿನ ಮೇಲೆ ಕಣ್ಣಿಗೆ ಕಾಣೋದು ಮಾತ್ರ ಅಚ್ಚಿಗೆ ಹೋಗಬೇಕು. ನೀನು 'ಎಗ್' ಪದಕ್ಕೆ ಸಿಕ್ಕ ಒಂದೇ ಒಂದು ಒಳ್ಳೇ ವಾಕ್ಯವನ್ನ ತಿರುಗಿಸಿ ಅಂಟಿಸಿ, ಮೂರು ದಿನ ಇಡೀ ಆಫೀಸು ಮೊಟ್ಟೆ ಹುಡುಕಿತಲ್ಲ, ಆವತ್ತು ಮಾಡಿದ ನಿಯಮ.

ನನ್ನ ಕಾರ್ಡಿನ ಕೊನೇ ಸಾಲಲ್ಲಿ ಏನು ಬರೆದಿದ್ದೀಯ?

ಕತ್ತರಿ


ಫೆಬ್ರವರಿ 2

ಪ್ರಿಯ ಕತ್ತರಿ,

ನಿನ್ನ ಮಗಳ ಪತ್ರ ಓದಿ ಎರಡು ದಿನ ಕೆಲಸ ಹತ್ತಲಿಲ್ಲ. ನನಗೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ ಎಂದು ನೀನು ಅನ್ನುತ್ತೀಯ, ಅನ್ನು. ಮೊದಲ ಕಣ್ಣು ಹೋಗಿ ನೀನು ಕೆಲಸ ಬಿಟ್ಟಾಗ, ಇನ್ನೊಂದು ಕಣ್ಣಿನಲ್ಲೇ ನಮ್ಮೆಲ್ಲರಿಗಿಂತ ಹೆಚ್ಚು ತಪ್ಪು ಹಿಡಿಯುತ್ತೀಯ ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದೆವು. ಆ ತಮಾಷೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಗ್ಲಿಮ್ ಸೇರಿಸಿದ್ದೇನೆ. ಕಳ್ಳರ ಭಾಷೆ ಎಂಬ ಕಾರಣಕ್ಕೆ ಸಮಿತಿಯವರು ಮೂಗು ಮುರಿದರು. ಅವರಿಗೆ ಅರ್ಥವಾಗುವ ಭಾಷೆ ಅದೊಂದೇ ಎಂದು ಒಳಗೊಳಗೇ ಅಂದುಕೊಂಡೆ.

ಕಾರ್ಡಿನ ವಿಚಾರ. ಎಲ್ಲ ಕಾರ್ಡುಗಳಂತೆಯೇ ಇದೆ, ನಿಯಮದ ಪ್ರಕಾರ. ಪೆಟ್ಟಿಗೆ ಈಗ ಬೆರಳಚ್ಚಿನವರ ಬಳಿ ಇರುವುದರಿಂದ ಅಕ್ಷರಶಃ ಹೇಳಲಾರೆ. ನಿನಗೆ ಬಿಡುವಾದಾಗ ಅರ್ಜಿ ಕಳಿಸು. ಮಗಳಿಗೆ ಆಶೀರ್ವಾದ.

ನಿನ್ನ
ಗೋಂದು


ಫೆಬ್ರವರಿ 15

ಗೋಂದು,

ಬಿಡುವಾದಾಗ ಅಂದಿದ್ದೀಯ. ನನಗೆ ಬಿಡುವೇ ಬಿಡುವು ಕಣೋ. ಮಗಳು ಕೆಲಸ ಮಾಡೋ ಔಷಧದ ಅಂಗಡಿಯಲ್ಲಿ ಫೋನ್ ಬಂದ್ರೆ ಎತ್ತೋದು ನನ್ನ ಕೆಲಸ. "ಮಾತ್ರೆ ಬಂದಿದೆ, ಮುಲಾಮು ಬಂದಿಲ್ಲ." ಇಷ್ಟೇ ಡೈಲಾಗು. ಈ ಕೆಲಸದಲ್ಲಿ ಕರಡಚ್ಚಿನ ತಪ್ಪು ಇಲ್ಲ.

ಬಿಡುವಿರೋದಕ್ಕೆ ಒಂದು ಕತೆ ಹೇಳ್ತೀನಿ, ಕೇಳು. ಆವತ್ತು ಡಾಕ್ಟರು ಟಾರ್ಚ್ ಬಿಟ್ಟು "ಕಾಣ್ತಾ?" ಅಂದ್ರು. ಕಾಣ್ತು, ಕಿಂಡಿಯಷ್ಟು. ಕಣ್ಣಿನ ಒಳಪರದೆ ಬಿಟ್ಟುಕೊಂಡಿದೆ, ಹದಿನಾಲ್ಕನೇ ತಾರೀಕಿಗೆ ಬಂದುಬಿಡಿ, ಕೂಡಿಸಿ ಕೂರಿಸ್ತೀವಿ, ತಡ ಮಾಡಿದ್ರೆ ಕೈಮೀರುತ್ತೆ ಅಂದ್ರು. ಆಪರೇಷನ್ ಆದ ಮೇಲೆ ಏಳು ದಿನ ಮುಖ ಕೆಳಗೆ ಹಾಕಿ ಮಲಗಬೇಕಂತೆ, ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು, ಸಹಿಗೂ ಬೇಕು. ಇವಳಮ್ಮ ಹೋಗಿ ಎರಡು ವರ್ಷ ಆಗಿತ್ತು. ಇವಳಿಗೆ ಹದಿಮೂರು. ಯಾರನ್ನ ಕೇಳಲಿ? ಮೂರನೇ ತಾರೀಕು ನಿನಗೆ ಬರೆದೆ. ಅದೇ ನಾನು ಸ್ವಂತ ಕೈಯಿಂದ ಬರೆದ ಕೊನೇ ಪತ್ರ.

ಎರಡು ಸಲ ಆಫೀಸಿಗೆ ಫೋನ್ ಮಾಡಿದೆ. ನಿಮ್ಮ ಗುಮಾಸ್ತ "ಸಾಹೇಬ್ರು 'ಎಫ್' ಮುಗಿಸ್ತಾ ಇದ್ದಾರೆ, ಯಾರನ್ನೂ ಕರೆಯೋ ಹಾಗಿಲ್ಲ" ಅಂದ. ಸರಿ, ಪತ್ರ ಹೋಗಿದೆಯಲ್ಲ, ಬಂದೇ ಬರ್ತಾನೆ ಅಂದುಕೊಂಡೆ. ಬೇರೆಯವರನ್ನ ಕೇಳಲೇ ಇಲ್ಲ. ಹದಿನಾಲ್ಕನೇ ತಾರೀಕು ಬೆಳಗ್ಗೆ ಆಸ್ಪತ್ರೆ ಗೇಟಿನ ಹತ್ತಿರ ಕೂತೆ. ಯಾರದೇ ಚಪ್ಪಲಿ ಸದ್ದು ಕೇಳಿದ್ರೂ ಇವಳನ್ನ "ನೋಡೇ, ಗೋಂದು ಮಾಮನಾ?" ಅಂತಿದ್ದೆ. ಇವಳು ಮೊದಮೊದಲು "ಅಲ್ಲಪ್ಪ" ಅಂತಿದ್ದಳು, ಆಮೇಲೆ ನಾನು ಕೇಳೋ ಮುಂಚೆಯೇ ಅಂತಿದ್ದಳು. ಹುಡುಗಿಯ ಸಹಿ ನಡೆಯಲ್ಲ ಅಂತ ವಾಪಸ್ ಕಳಿಸಿದ್ರು. ಇಪ್ಪತ್ತೆರಡಕ್ಕೆ ಎದುರುಮನೆ ದರ್ಜಿ ಅಂಗಡಿ ಮುಚ್ಚಿಕೊಂಡು ನನ್ನ ಜೊತೆ ಬಂದ. ಏಳು ದಿನ ಮುಖ ಕೆಳಗೆ ಹಾಕಿ ಮಲಗಿದೆ. ಎದ್ದಾಗ ಕಿಂಡಿಯೂ ಇರಲಿಲ್ಲ. "ಹೋದ ವಾರ ಬಂದಿದ್ರೆ..." ಅಂದ್ರು ಡಾಕ್ಟರು, ಅಷ್ಟಕ್ಕೇ ನಿಲ್ಲಿಸಿದ್ರು. ಅವರ ವಾಕ್ಯ ಮುಗಿಸೋ ಕೆಲಸ ನನ್ನದಾಯ್ತು.

ಈಗ ನೀನು ನನ್ನ ವಾಕ್ಯ ಅಚ್ಚು ಮಾಡ್ತೀನಿ ಅಂತೀಯ. ಮಾಡು. ಆದ್ರೆ ಆ ಚೂರಿನ ಹಿಂದಿನ ಬದಿಯಲ್ಲಿ ತಾರೀಕು ಬರೆದು, ಬಾ ಅಂತ ಕೇಳಿದ್ದೆ. ನೀನು ಅದನ್ನ ಓದಿದ್ದೆಯೋ ಇಲ್ಲವೋ, ಎಂಟು ವರ್ಷದಿಂದ ನನಗೆ ಬೇಕಾಗಿರೋದು ಅದೊಂದೇ. ಪೆಟ್ಟಿಗೆ ತರಿಸಿ ನೋಡು.

ಕತ್ತರಿ


ಮಾರ್ಚ್ 1

ಪ್ರಿಯ ಕತ್ತರಿ,

ಪೆಟ್ಟಿಗೆ ತರಿಸಿದೆ. ಕಾರ್ಡು ನನ್ನ ಮೇಜಿನ ಮೇಲೆ ಇದೆ. ಕೊನೆಯ ಸಾಲು ಹೀಗಿದೆ: "ಹಿಂಬದಿ: ಖಾಲಿ."

ಪತ್ರದಲ್ಲಿ ಬೇರೆ ಹಾಳೆಗಳಿದ್ದವೋ, ಅಂಚೆಯಲ್ಲಿ ಏನಾದರೂ ಕಳೆಯಿತೋ, ಇಷ್ಟು ವರ್ಷಗಳ ಮೇಲೆ ನಾನು ಹೇಳಲಾರೆ. ನನಗೆ ತಲುಪಿದ್ದು ಆ ಒಂದು ವಾಕ್ಯ. ತಿಳಿದಿದ್ದರೆ ಬರುತ್ತಿರಲಿಲ್ಲವೇ?

ನಿನ್ನ
ಗೋಂದು


ಮಾರ್ಚ್ 10

ಗೋಂದು,

ಖಾಲಿ ಅಂತ ಇವಳು ಓದಿದಾಗ ಇನ್ನೊಂದು ಸಲ ಓದು ಅಂದೆ. ಎರಡನೇ ಸಲವೂ ಖಾಲಿಯೇ.

ನೋಡು, ಎಂಟು ವರ್ಷ ನಿನ್ನ ಬೈದಿದ್ದೀನಿ. ದಿನಕ್ಕೊಂದು ಹೊಸ ಬೈಗುಳ, ನಿಘಂಟಿನವನಲ್ಲವಾ, ಕೊರತೆ ಆಗಲಿಲ್ಲ. ಈಗ ಅನ್ನಿಸ್ತಿದೆ, ಆವತ್ತು ನನಗೆ ಕಾಣ್ತಿದ್ದದ್ದೇ ಅಷ್ಟು. ಹಾಳೆ ತಿರುಗಿಸಿ ಬರೆದೆ ಅಂದುಕೊಂಡು ಮೇಜಿನ ಮೇಲೆ ಬರೆದ್ನೋ ಏನೋ. ಪೆನ್ನಿನಲ್ಲಿ ಮಸಿ ಮುಗಿದಿತ್ತೋ. ಯಾರಿಗೂ ಮುಟ್ಟದ ಪತ್ರವನ್ನ ನಂಬಿಕೊಂಡು ಗೇಟಿನ ಹತ್ತಿರ ಕೂತಿದ್ದೆ. ಬೇರೆಯವರನ್ನ ಕೇಳಬೇಕಾಗಿತ್ತು, ದರ್ಜಿ ಮೊದಲೇ ಬರ್ತಿದ್ದ. ಕಣ್ಣು ಕಳಕೊಂಡಿದ್ದು ನಾನೇ ಆಯ್ತಲ್ಲ.

ಅರ್ಜಿಗೆ ಸಹಿ ಹಾಕಿದ್ದೀನಿ. ಕ್ಷಮಿಸು ಅನ್ನೋ ಪದಕ್ಕೆ ನನ್ನ ವಾಕ್ಯ ಬೇಕಾದ್ರೆ ಇದೇ ತಗೋ.

ಕತ್ತರಿ

ಮಾಮ, ಇದು ನನ್ನದು. ನಾಲ್ಕು ದಿನದಿಂದ ಅಪ್ಪ ಊಟಕ್ಕೆ ಕರೆದರೆ ಬರುತ್ತಿಲ್ಲ. ಬೆರಳಿನಿಂದ ಮೇಜಿನ ಮೇಲೆ ಏನೋ ಬರೆಯುತ್ತಾ ಕೂರುತ್ತಾರೆ. ಇಷ್ಟು ದಿನ ನಿಮ್ಮನ್ನು ಬೈಯುವಾಗ ಚೆನ್ನಾಗಿದ್ದರು. ಅವರು ಸಹಿ ಮಾಡಿದ ಅರ್ಜಿ ನನ್ನ ಕೈಚೀಲದಲ್ಲಿದೆ. ಅಂಚೆಗೆ ಹಾಕಿಲ್ಲ. ಆ ಪತ್ರ ಬರೆಯುವಾಗ ಹಾಳೆ ಜಾರದಂತೆ ಹಿಡಿದುಕೊಂಡಿದ್ದವಳು ನಾನು.


ಮಾರ್ಚ್ 24

ಮಾಮ,

ಗುರುವಾರ ನಿಮ್ಮ ಕಚೇರಿಗೆ ಬಂದಿದ್ದೆ. ಆ ದಿನ ಕಾರ್ಡುಗಳನ್ನು ಯಾರು ಬೇಕಾದರೂ ನೋಡಬಹುದು ಎಂದು ಬಾಗಿಲ ಮೇಲೇ ಬರೆದಿದೆ. ಆದರೂ ನೋಡಲು ಬಂದವಳು ನಾನೇ ಮೊದಲಿರಬೇಕು. ನಿಮ್ಮ ಗುಮಾಸ್ತರು ಗಾಬರಿಯಾಗಿ ಕುರ್ಚಿಯ ಧೂಳು ಒರೆಸಿದರು. ನೀವು ಸಮಿತಿಯ ಸಭೆಯಲ್ಲಿದ್ದಿರಿ.

"ಯಾವ ಪದಮ್ಮ?" ಅಂದರು.

"ಗ್ಲಿಮರ್."

"ಅಯ್ಯೋ, ಅದಾ! ನಮ್ಮ ಸಾಹೇಬ್ರ ಮುದ್ದಿನ ಕಾರ್ಡು. ಬಂದವರಿಗೆಲ್ಲ ತೋರಿಸ್ತಾರೆ."

ಅಪ್ಪನ ಅಕ್ಷರ ನೋಡಿ ಎಷ್ಟು ವರ್ಷವಾಗಿತ್ತು! ಸಾಲು ಮೇಲಕ್ಕೆ ಏರುತ್ತಾ ಹೋಗಿದೆ, ನಾನು ಹಾಳೆ ಸರಿಯಾಗಿ ಹಿಡಿದಿರಲಿಲ್ಲ. ಕೆಳಗೆ ನಿಮ್ಮ ಹಸಿರು ಮಸಿ. ಕೊನೆಯ ಸಾಲನ್ನು ಓದಿದೆ. ಡಾಕ್ಟರ ಚೀಟಿಯನ್ನು ತಪ್ಪಾಗಿ ಓದಿದರೆ ಜನ ಸಾಯುತ್ತಾರೆ, ಆದ್ದರಿಂದ ನಾನು ಎಲ್ಲವನ್ನೂ ಎರಡು ಸಲ ಓದುತ್ತೇನೆ. ಎರಡು ಸಲ ಓದಿದೆ.

"ಹಿಂಬದಿ: ಸ್ವಂತ ವಿಷಯ. ನಿಘಂಟಿಗೆ ಬೇಡ."

ಹಿಂದೆ ಏನಿದೆ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಾರ್ಡು ದಪ್ಪ. ಏನೂ ಕಾಣಲಿಲ್ಲ.

ಅಪ್ಪನಿಗೆ ಹೇಳಿಲ್ಲ. ನೀವೇ ಬರೆಯಿರಿ. ನೀವು ಏನು ಬರೆದರೂ ಒಂದಕ್ಷರ ಬದಲಿಸದೆ ಓದುತ್ತೇನೆ. ಸುಳ್ಳು ಬರೆದರೆ ಅದನ್ನೂ ಹಾಗೆಯೇ ಓದುತ್ತೇನೆ, ಆಮೇಲೆ ನಾನು ಕಂಡದ್ದನ್ನು ಹೇಳುತ್ತೇನೆ.

ಕತ್ತರಿಯ ಮಗಳು


ಏಪ್ರಿಲ್ 4

ಕತ್ತರಿ,

ಈ ಪತ್ರವನ್ನು ಮೂರು ಸಲ ಆರಂಭಿಸಿದೆ. ಮೂರು ಸಲವೂ ಮೊದಲ ಸಾಲಿನಲ್ಲೇ ಒಂದು ತಮಾಷೆ ಬಂದು ಕುಳಿತಿತ್ತು. ಹರಿದು ಹಾಕಿದೆ.

ಕಾರ್ಡಿನಲ್ಲಿ ಖಾಲಿ ಎಂದು ಇಲ್ಲ. "ಸ್ವಂತ ವಿಷಯ. ನಿಘಂಟಿಗೆ ಬೇಡ" ಎಂದಿದೆ. ನಾನೇ ಬರೆದದ್ದು. ನಿನ್ನ ಪೆನ್ನಿನಲ್ಲಿ ಮಸಿ ಇತ್ತು, ನೀನು ಹಾಳೆ ತಿರುಗಿಸಿಯೇ ಬರೆದಿದ್ದೆ. ಪತ್ರ ಆರನೇ ತಾರೀಕು ಬೆಳಗ್ಗೆ ನನ್ನ ಕೈಗೆ ಬಂತು.

ಓದಿದೆ, ಎರಡೂ ಬದಿ. ನಾಳೆಯೇ ಹೊರಡಬೇಕು ಅಂದುಕೊಂಡೆ. ರಜೆಯ ಚೀಟಿ ಬರೆಯಲು ಕಾಗದವನ್ನೂ ತೆಗೆದುಕೊಂಡೆ. ಆಗ ನಿನ್ನ ಹಾಳೆ ಮೇಜಿನ ಮೇಲೆ ಅಂಗಾತ ಬಿದ್ದಿತ್ತು, ಆ ವಾಕ್ಯ ಕಣ್ಣಿಗೆ ಬಿತ್ತು. ಗ್ಲಿಮರ್ ಎಂದು ಬಾಯಲ್ಲೇ ಅಂದೆ. 'ಜಿ' ಬರಲು ಇನ್ನೂ ವರ್ಷಗಳಿವೆ, ಕಳೆದುಹೋದರೆ ಇಂಥದ್ದು ಮತ್ತೆ ಸಿಕ್ಕುವುದಿಲ್ಲ ಅನ್ನಿಸಿತು. ಕತ್ತರಿಸಿದೆ. ಅಂಟಿಸಿದೆ. ಕೊನೆಯ ಸಾಲು ಬರೆದೆ. ಉಳಿದ ಕಾಗದ ಬುಟ್ಟಿಗೆ ಹೋಯಿತು. ಕಾರ್ಡನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಾಗ, ನಿನ್ನ ಪತ್ರದ ಕೆಲಸ ಮುಗಿಯಿತು ಎಂಬ ನೆಮ್ಮದಿ ಬಂತು. ಸುಳ್ಳಲ್ಲ, ನಿಜವಾಗಿ ನೆಮ್ಮದಿ. ನಿನಗೆ ಉತ್ತರ ಕೊಟ್ಟಷ್ಟೇ ಹಾಯಾಗಿ 'ಎಫ್'ಗೆ ಮರಳಿದೆ.

ನೆನಪಾದದ್ದು ಹದಿನೇಳನೇ ತಾರೀಕು. ಈಗ ಹೋಗಿ ಏನು ಮುಖ ತೋರಿಸಲಿ ಅನ್ನಿಸಿತು. ವಾರ ಕಳೆದಷ್ಟೂ ಮುಖ ಇನ್ನೂ ಸಣ್ಣದಾಯಿತು. ನಿನ್ನ ಕಣ್ಣು ಸರಿಹೋಗಿದೆ ಎಂದು ನಾನೇ ತೀರ್ಮಾನಿಸಿಕೊಂಡೆ, ಯಾರನ್ನೂ ಕೇಳದೆ. ಕೇಳಿದರೆ ತಾನೇ ಬೇರೆ ಉತ್ತರ ಬರುವುದು? ಜನವರಿಯಲ್ಲಿ ಬರೆದಾಗಲೂ ನನಗೆ ಬೇಕಿದ್ದದ್ದು ಸಹಿ ಅಲ್ಲ. ಸಹಿಯ ನೆಪದಲ್ಲಿ ನೀನು ನಗುತ್ತಾ ಉತ್ತರಿಸಿದರೆ ಎಲ್ಲ ಸರಿಹೋಯಿತು ಎಂದುಕೊಳ್ಳಬಹುದಿತ್ತು.

ವಾಕ್ಯವನ್ನು ಅಚ್ಚು ಮಾಡುವುದಿಲ್ಲ. ಕಾರ್ಡನ್ನೇ ಇದರ ಜೊತೆ ಕಳಿಸಿದ್ದೇನೆ. ಕಚೇರಿಯಿಂದ ಕಾರ್ಡು ಹೊರಗೆ ಹೋಗುತ್ತಿರುವುದು ಇದೇ ಮೊದಲು.

ನಾನು ಬರಲೇ? ಒಂದು ಮಾತು ಹೇಳಿ ಕಳಿಸು, ಅಂದೇ ಹೊರಡುತ್ತೇನೆ.

ಗೋಂದು


ಏಪ್ರಿಲ್ 18

ಗೋಂದು,

ಇವಳು ಒಂದಕ್ಷರ ಬದಲಿಸದೆ ಓದಿದಳು. ಓದುತ್ತಾ ಎರಡು ಸಲ ನಿಲ್ಲಿಸಿದಳು, ನೀರು ಕುಡಿಯೋಕೆ ಅಂದಳು.

ಮೊದಲು ಒಂದು ಒಳ್ಳೇ ಸುದ್ದಿ. ನಾನು ಸರಿಯಾಗಿ ಬರೆದಿದ್ದೆ. ತಿಂಗಳಿಂದ ನನ್ನ ಕೈ ಮೇಲೇ ಅನುಮಾನ ಬಂದುಬಿಟ್ಟಿತ್ತು. ಊಟ ಸೇರ್ತಾ ಇದೆ. ನಿನ್ನನ್ನ ಬೈಯೋ ಕೆಲಸ ಮತ್ತೆ ಶುರು ಮಾಡಿದ್ದೀನಿ, ಹಳೇ ಬೈಗುಳ ಎಲ್ಲ ಚೆನ್ನಾಗೇ ಇವೆ, ತುಕ್ಕು ಹಿಡಿದಿಲ್ಲ.

ನೀನು ನಿಜ ಬರೆದಿದ್ದೀಯ. ಬರೆಯದಿದ್ರೆ ಇವಳು ಹೇಳ್ತಿದ್ದಳು, ಅದು ಬೇರೆ ಮಾತು. ಒಂದು ವಿಷಯ ಮಾತ್ರ ತಲೆಯಿಂದ ಹೋಗ್ತಾ ಇಲ್ಲ. ನೀನು ಓದದೇ ಅಂಟಿಸಿದ್ದಿದ್ರೆ, ಸೋಮಾರಿ ಅಂತ ಬಿಟ್ಟುಬಿಡಬಹುದಿತ್ತು. ನೀನು ನಿಯಮ ಪಾಲಿಸಿದೆ ಕಣೋ. ಇಡೀ ಆಫೀಸಲ್ಲಿ ನನ್ನ ನಿಯಮವನ್ನ ತಪ್ಪಿಲ್ಲದೆ ಪಾಲಿಸಿದವನು ನೀನೊಬ್ಬನೇ.

ಇವಳು ಕೆಟಲಿನ ಹಬೆಗೆ ಕಾರ್ಡು ಹಿಡಿದಳು. ಎಂಟು ವರ್ಷ ಅಂಟಿಕೊಂಡಿದ್ದು ನಾಲ್ಕೇ ನಿಮಿಷಕ್ಕೆ ಬಿಟ್ಟುಕೊಂಡಿತು. ಗೋಂದಿನ ಹಣೆಬರಹವೇ ಅಷ್ಟು ಅಂತ ನಾನು ಅಂದೆ, ಇವಳು ನಗಲಿಲ್ಲ. ಚೂರು ಹರಿಯಲಿಲ್ಲ. ಹಿಂದಿನದನ್ನ ಓದಿದಳು: "ಹದಿನಾಲ್ಕಕ್ಕೆ ಆಪರೇಷನ್. ಒಬ್ಬನಿಂದ ಆಗಲ್ಲ ಕಣೋ. ಬರ್ತೀಯಲ್ಲ?"

ಕಡೆಗೆ ಪ್ರಶ್ನೆಯ ಗುರುತು ಇದೆ ಅಂದಳು. ನಾನು ಹಾಕಿರಲಿಲ್ಲ ಅಂದುಕೊಂಡಿದ್ದೆ.

ಬರಲಾ ಅಂತ ಈಗ ನೀನು ಕೇಳಿದ್ದೀಯ. ಬೇಡ. ನೀನು ಬಂದ್ರೆ ನಾನು ನೋಡೋಕಾಗಲ್ಲ, ನೀನು ನೋಡ್ತಾ ಕೂರಬೇಕಾಗುತ್ತೆ. ಅದರಿಂದ ನಿನಗೇನೋ ಹಗುರ ಆಗಬಹುದು. ಆ ಸಹಾಯ ನನ್ನಿಂದ ಆಗಲ್ಲ. ಉತ್ತರವನ್ನೂ ಬರೀಬೇಡ. ಬಂದ್ರೆ ಓದಬೇಡ ಅಂತ ಇವಳಿಗೆ ಹೇಳಿದ್ದೀನಿ.

ಅರ್ಜಿ ಇದರ ಜೊತೆಗಿದೆ. ಮಾರ್ಚಿನಲ್ಲಿ ಹಾಕಿದ ಸಹಿಯೇ. ಇವಳು ಬೆರಳು ಹಿಡಿದು ಜಾಗ ತೋರಿಸಿದ್ದಳು, ಸ್ವಲ್ಪ ಗೆರೆಯಿಂದ ಕೆಳಗೆ ಬಿದ್ದಿದೆಯಂತೆ, ನಡೆಯುತ್ತೆ. ಕೊಟ್ಟ ಒಪ್ಪಿಗೆ ವಾಪಸ್ ತಗೊಳ್ಳೋನಲ್ಲ ನಾನು. ಆದ್ರೆ ಎರಡನೇ ಅರ್ಥಕ್ಕೆ, ಆಸೆಯ ಎಳೆ ಅಂತೀಯಲ್ಲ, ಅದಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ. ನಾನು ಬರೆದದ್ದು ಕಣ್ಣಿನ ಬಗ್ಗೆ.

ಕಾರ್ಡನ್ನೂ ವಾಪಸ್ ಕಳಿಸಿದ್ದೀನಿ, ನಿನ್ನ ಪೆಟ್ಟಿಗೆಯಲ್ಲಿ ಜಾಗ ಖಾಲಿ ಬಿಡಬಾರದು. ಚೂರನ್ನ ಇವಳು ಮತ್ತೆ ಅಂಟಿಸಿದ್ದಾಳೆ, ಈ ಸಲ ತಿರುಗಿಸಿ. ಹದಿನಾಲ್ಕನೇ ತಾರೀಕು ಮೇಲೆ ಬಂದಿದೆ, ನಿನ್ನ ಮಿಣುಕು ಬೆಳಕು ಕೆಳಗೆ ಹೋಗಿದೆ. ಔಷಧದ ಅಂಗಡಿಯ ಅಂಟು, ಸೀಸೆಗೆ ಚೀಟಿ ಅಂಟಿಸೋದು. ಹಬೆಗೆ ಬಗ್ಗಲ್ಲ, ಕೀಳೋಕೆ ಹೋದ್ರೆ ಎರಡೂ ಬದಿ ಹರಿಯುತ್ತೆ. ನಿನ್ನ ಹಸಿರು ಸಾಲು ಹೊಡೆದು ಹಾಕಿ, ನಿಯಮದ ಪ್ರಕಾರ ಹೊಸದು ಬರೆಸಿದ್ದೀನಿ: "ಹಿಂಬದಿ: ನಿಘಂಟಿಗೆ ಬೇಕಾದ ವಾಕ್ಯ."

ಕಾರ್ಡಿನ ಮೇಲೆ ಕಣ್ಣಿಗೆ ಕಾಣೋದನ್ನ ಅಚ್ಚು ಮಾಡ್ಕೋ.

ಕತ್ತರಿ